ತೆರೆಯ ಮೇಲೆ ಬಾರದ ಸಾಕ್ಷಿಗಳು

ಚಿತ್ರಪಟ ನೋಡಿ ಬಂದವನನ್ನು ನೆರೆಹೊರೆಯವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ಆಟ ಚೆನ್ನಾಗಿತ್ತೇ? ನಟರು ಚೆನ್ನಾಗಿ ಅಭಿನಯಿಸಿದ್ದಾರೆಯೇ? ಮನರಂಜನೆಯ ಪಟಗಳಿಗೆ ಇಷ್ಟು ಸಾಕು. ಆದರೆ ಈಚಿನ ವರ್ಷಗಳಲ್ಲಿ ಯುದ್ಧವನ್ನೂ ರಾಜಕಾರಣವನ್ನೂ ವಿಷಯವಾಗಿ ಮಾಡಿಕೊಂಡ ಪಟಗಳು ಜಗತ್ತಿನ ಮೂಲೆಮೂಲೆಗೆ ಹೋಗುತ್ತಿವೆ. ಇತಿಹಾಸದ ಪುಸ್ತಕವನ್ನು ಕೈಯಲ್ಲಿ ಹಿಡಿಯದವರೂ ಇವುಗಳಿಂದಲೇ ಇತಿಹಾಸವನ್ನು ಕಲಿಯುತ್ತಾರೆ. ಆದ್ದರಿಂದ ಮೂರನೆಯ ಪ್ರಶ್ನೆಯೊಂದನ್ನು ಕೇಳುವ ರೂಢಿಯನ್ನು ನಾವು ಹಾಕಿಕೊಳ್ಳುವದು ಅವಶ್ಯವಾಗಿದೆ. ಈ ಕಥೆಯಲ್ಲಿ ಯಾರನ್ನು ಸಾಕ್ಷಿಗೆ ಕರೆಯಲಿಲ್ಲ?

ವಕೀಲಿ ವೃತ್ತಿಯವನಿಗೆ ಇದು ಸಹಜವಾದ ಪ್ರಶ್ನೆ. ಒಂದು ಪಕ್ಷದ ಸಾಕ್ಷಿಗಳನ್ನಷ್ಟೇ ಕೇಳಿ ಬರೆದ ತೀರ್ಪು ಎಷ್ಟು ಸೊಗಸಾದ ಭಾಷೆಯಲ್ಲಿದ್ದರೂ ಮೇಲಿನ ನ್ಯಾಯಾಲಯದಲ್ಲಿ ನಿಲ್ಲಲಾರದು. ಚಿತ್ರಪಟಕ್ಕೆ ಮೇಲಿನ ನ್ಯಾಯಾಲಯವಿಲ್ಲ. ಪ್ರೇಕ್ಷಕನೇ ಅದರ ಮೊದಲಿನ ಹಾಗೂ ಕೊನೆಯ ನ್ಯಾಯಾಧೀಶನು. 2024ನೆಯ ಇಸವಿಯ ಮಾರ್ಚ್ 10ರಂದು ಅಮೇರಿಕೆಯಲ್ಲಿ ಆಸ್ಕರ್ ಪಾರಿತೋಷಕಗಳನ್ನು ಹಂಚಿದಾಗ ಯುದ್ಧಕ್ಕೆ ಸಂಬಂಧಿಸಿದ ನಾಲ್ಕು ಪಟಗಳಿಗೆ ಒಂದೇ ಸಂಜೆ ಮನ್ನಣೆ ದೊರೆಯಿತು. ಈ ನಾಲ್ಕನ್ನೂ ನೋಡಿದ ಮೇಲೆ ನನಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು ಕ್ರಿಸ್ಟೋಫರ್ ನೋಲನ್ ಅವರ ‘ಓಪನ್‌ಹೈಮರ್’. ಅಣುಬಾಂಬನ್ನು ನಿರ್ಮಿಸಿದ ಲಾಸ್ ಅಲಾಮೋಸ್ ಪ್ರಯೋಗಶಾಲೆಯ ನಾಯಕನ ಚರಿತ್ರೆಯಿದು. 2023ರ ಜುಲೈಯಲ್ಲಿ ಬಿಡುಗಡೆಯಾಗಿ, ಏಳು ಪಾರಿತೋಷಕಗಳನ್ನು ಪಡೆದು, 95 ಕೋಟಿ ಡಾಲರಿಗೂ ಮೀರಿ ಗಳಿಸಿತು. ಪಟದ ಕಸುಬು ಉಚ್ಚ ತರಗತಿಯದೆಂಬದರಲ್ಲಿ ಸಂದೇಹವಿಲ್ಲ. ನಮ್ಮ ದೇಶದಲ್ಲಿ ಈ ಪಟದ ವಿಷಯವಾಗಿ ಎದ್ದ ಕೋಲಾಹಲ ಮಾತ್ರ ಬೇರೆಯೇ ತರಹದ್ದು. ಏಕಾಂತದ ಒಂದು ದೃಶ್ಯದಲ್ಲಿ ಗೀತೆಯ ಮಾತು ಬಂದಿತೆಂಬದೇ ದೊಡ್ಡ ವಾದವಾಯಿತು. ಓಪನ್‌ಹೈಮರನು ಬರ್ಕಲಿಯಲ್ಲಿ ಆರ್ಥರ್ ರೈಡರ್ ಎಂಬ ಪಂಡಿತನ ಬಳಿ ಸಂಸ್ಕೃತ ಕಲಿತವನು. ಹನ್ನೊಂದನೆಯ ಅಧ್ಯಾಯದ ‘ಕಾಲ’ ಎಂಬ ಪದವನ್ನು ಆತನು ‘ಮೃತ್ಯು’ ಎಂದೇ ಹೇಳುತ್ತಿದ್ದನು. ಗೀತೆಯನ್ನು ಬಲ್ಲವರು ಆ ಅರ್ಥಭೇದವನ್ನು ಚರ್ಚಿಸಿದ್ದರೆ ಅದು ನಮಗೆ ಶೋಭಿಸುತ್ತಿತ್ತು. ಮೂರು ತಾಸಿನ ಪಟದಲ್ಲಿ ಹಿರೋಶಿಮದ ಒಬ್ಬ ನಿವಾಸಿಯೂ ಬಾಯಿ ತೆರೆಯುವದಿಲ್ಲವೆಂಬ ಸಂಗತಿಯನ್ನು ನಮ್ಮಲ್ಲಿ ಎಷ್ಟು ಜನರು ಗಮನಿಸಿದರು?

1945ರ ಆಗಸ್ಟ್ 6ರಂದು ಹಿರೋಶಿಮದ ಮೇಲೆ, 9ರಂದು ನಾಗಸಾಕಿಯ ಮೇಲೆ ಬಾಂಬು ಬಿದ್ದಿತು. ಆ ವರ್ಷ ಮುಗಿಯುವದರೊಳಗೆ ಮೊದಲನೆಯ ನಗರದಲ್ಲಿ ಸುಮಾರು 1,40,000, ಎರಡನೆಯದರಲ್ಲಿ ಸುಮಾರು 70,000 ಜನರು ಮಡಿದರೆಂದು ಅಂದಾಜು. ಪಟದಲ್ಲಿ ಒಂದು ದೃಶ್ಯವುಂಟು. ಬಾಂಬಿನಿಂದ ಸುಟ್ಟವರ ಚಿತ್ರಗಳನ್ನು ವಿಜ್ಞಾನಿಗಳಿಗೆ ತೋರಿಸುತ್ತಾರೆ. ನಾಯಕನು ಮುಖ ತಿರುಗಿಸುತ್ತಾನೆ. ನಮಗೆ ಕಾಣುವದು ಆತನ ಮುಖವೇ ಹೊರತು ಆ ಚಿತ್ರಗಳಲ್ಲ. ಪಟವು ಒಬ್ಬ ಮನುಷ್ಯನ ಅಂತಃಕರಣದ ಕಥೆಯಾದ್ದರಿಂದ ಆತನು ಕಂಡದ್ದನ್ನಷ್ಟೇ ನಾವು ಕಾಣಬೇಕೆಂದು ಇದರ ಸಮರ್ಥಕರು ಹೇಳುತ್ತಾರೆ. ಈ ಸಮಾಧಾನವನ್ನು ನಾನು ಹಗುರವಾಗಿ ತಳ್ಳಿಹಾಕುವದಿಲ್ಲ. ಆದರೆ ಇದನ್ನು ಒಪ್ಪಿದರೂ ಫಲವೇನಾಯಿತು? ಸುಟ್ಟವರಿಗಿಂತ ಸುಟ್ಟವನ ಪಶ್ಚಾತ್ತಾಪವೇ ಪ್ರೇಕ್ಷಕನ ಕಣ್ಣೀರಿಗೆ ಪಾತ್ರವಾಯಿತು.

ಇದೇ ಪಟದ ಉತ್ತರಾರ್ಧವು ನ್ಯಾಯಶಾಸ್ತ್ರದ ವಿದ್ಯಾರ್ಥಿಗೆ ಹೆಚ್ಚು ಬೋಧಪ್ರದವಾಗಿದೆ. 1954ರಲ್ಲಿ ಓಪನ್‌ಹೈಮರನ ವಿಶ್ವಾಸಾರ್ಹತೆಯ ವಿಚಾರಣೆ ನಡೆಯಿತು. ಎದುರು ಪಕ್ಷದ ವಕೀಲನಿಗೆ ಗುಪ್ತ ಕಾಗದಪತ್ರಗಳೆಲ್ಲ ತೆರೆದಿದ್ದವು. ಓಪನ್‌ಹೈಮರನ ವಕೀಲನಿಗೆ ಅವನ್ನು ನೋಡುವ ಅನುಮತಿಯಿರಲಿಲ್ಲ. ಕಾಣದ ಕಾಗದದ ಮೇಲೆ ಪಾಟೀಸವಾಲು ಮಾಡುವದೆಂತು? ಆ ವಿಚಾರಣೆಯಲ್ಲಿ ಆತನ ಅಧಿಕಾರಪತ್ರವನ್ನು ಕಸಿದುಕೊಂಡರು. 2022ರ ಡಿಸೆಂಬರಿನಲ್ಲಿ, ಆತನು ಸತ್ತು ಐವತ್ತೈದು ವರ್ಷಗಳಾದ ಮೇಲೆ, ಅಮೇರಿಕೆಯ ಸರಕಾರವು ಆ ನಿರ್ಣಯವನ್ನು ರದ್ದುಗೊಳಿಸಿತು. ತಡವಾದರೂ ಒಳ್ಳೆಯದಾಯಿತು.

ಆದರೆ ಅದೇ ಬಾಂಬಿನಿಂದ ನೊಂದ ಅಮೇರಿಕೆಯ ಪ್ರಜೆಗಳೇ ಮತ್ತೊಂದು ಗುಂಪಿನವರಿದ್ದರು. 1945ರ ಜುಲೈ 16ರ ನಸುಕಿನಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಮೊದಲ ಪರೀಕ್ಷೆ ನಡೆದಾಗ ಸುತ್ತಣ ಹಳ್ಳಿಗಳವರಿಗೆ ಮುನ್ಸೂಚನೆಯಿರಲಿಲ್ಲ. ಅವರನ್ನು ಮೊದಲೇ ಬೇರೆಡೆಗೆ ಸಾಗಿಸಲೂ ಇಲ್ಲ. ಬೂದಿಯು ಅವರ ಹೊಲಗಳ ಮೇಲೆ, ಕುಡಿಯುವ ನೀರಿನ ತೊಟ್ಟಿಗಳ ಮೇಲೆ, ದನಗಳ ಮೈಮೇಲೆ ಬಿದ್ದಿತು. 1990ರಲ್ಲಿ ವಿಕಿರಣದಿಂದ ರೋಗಿಗಳಾದವರಿಗೆ ಪರಿಹಾರ ಕೊಡುವ ಕಾಯದೆಯಾಯಿತು. ನೆವಾಡದ ಪರೀಕ್ಷೆಗಳ ಗಾಳಿಗೆ ಸಿಕ್ಕಿದವರು ಅದರೊಳಗೆ ಬಂದರು, ಮೊದಲ ಬಾಂಬಿನ ನೆರೆಯವರು ಬರಲಿಲ್ಲ. ಅವರನ್ನು ಸೇರಿಸಿದ್ದು 2025ರ ಜುಲೈಯಲ್ಲಿ. ವಿಜ್ಞಾನಿಯ ಹೆಸರು ತೊಳೆಯಲು ಅರುವತ್ತೆಂಟು ವರ್ಷ ಹಿಡಿಯಿತು. ರೈತರ ಮನವಿ ಮುಟ್ಟಲು ಎಂಬತ್ತು. ಪಟದಲ್ಲಿ ಆ ಪರೀಕ್ಷೆಯ ಬೆಳಕು ಕಣ್ಣು ಕುಕ್ಕುವಂತಿದೆ, ಅದರ ನಾದ ಎದೆ ನಡುಗಿಸುವಂತಿದೆ. ಆ ಬೂದಿ ಬಿದ್ದ ಅಂಗಳವೊಂದೂ ಅದರಲ್ಲಿ ಇಲ್ಲ.

ಎರಡನೆಯ ಪಟವಾದ ‘ದ ಝೋನ್ ಆಫ್ ಇಂಟರೆಸ್ಟ್’ ಕೂಡ ಸಂತ್ರಸ್ತರನ್ನು ತೋರಿಸುವದಿಲ್ಲ; ಆದರೆ ಅಡಗಿಸುವ ರೀತಿಯಲ್ಲಿ ಎಷ್ಟು ಅಂತರವಿದೆ ನೋಡಿರಿ. ಜೋನಾಥನ್ ಗ್ಲೇಝರ್ ಅವರು ಜರ್ಮನ್ ಭಾಷೆಯಲ್ಲಿ ನಿರ್ಮಿಸಿದ ಈ ಪಟ ಔಶ್‌ವಿಟ್ಸ್ ಶಿಬಿರದ ಅಧಿಕಾರಿ ರುಡಾಲ್ಫ್ ಹೆಸ್ಸನ ಸಂಸಾರದ ಕಥೆ. ಶಿಬಿರದ ಗೋಡೆಗೆ ಹೊಂದಿಕೊಂಡೇ ಅವನ ಮನೆ. ಹೆಂಡತಿ ಹೂದೋಟ ಬೆಳೆಸುತ್ತಾಳೆ, ಐದು ಮಕ್ಕಳು ಆಡುತ್ತಾರೆ, ಅಡಿಗೆಯವಳು ಮೇಜು ಅಣಿಗೊಳಿಸುತ್ತಾಳೆ. ಗೋಡೆಯಾಚೆಯಿಂದ ಗುಂಡಿನ ಸದ್ದು, ಕೂಗು, ಕುಲುಮೆಯ ಮೊರೆತ ಕೇಳುತ್ತಲೇ ಇರುತ್ತವೆ. ಸುಮಾರು 11 ಲಕ್ಷ ಜನರನ್ನು ಕೊಂದ ಸ್ಥಳವದು. ಅವರಲ್ಲಿ ಬಹುಪಾಲು ಯೆಹೂದ್ಯರು. ಧ್ವನಿ ಸಂಯೋಜನೆಗಾಗಿಯೂ ಈ ಪಟಕ್ಕೆ ಪಾರಿತೋಷಕ ಬಂದದ್ದು ಯಥಾರ್ಥವಾಗಿದೆ. ಏಕೆಂದರೆ ಇಲ್ಲಿ ಸಾಕ್ಷಿ ನುಡಿಯುವದು ಧ್ವನಿಯೇ. ಸಂಸಾರದವರಿಗೆ ಕೇಳಿಸದ ಕೂಗು ಪ್ರೇಕ್ಷಕನಿಗೆ ಕೇಳಿಸುತ್ತದೆ. ಗೋಡೆಯ ಈಚೆ ಕುಳಿತು ಊಟ ಮಾಡುವವನು ನಾನೇ ಅಲ್ಲವೇ ಎಂಬ ಅಂಜಿಕೆ ಹುಟ್ಟುತ್ತದೆ. ಹೆಸ್ಸನನ್ನು ಪೋಲೆಂಡಿನ ನ್ಯಾಯಾಲಯವು ವಿಚಾರಿಸಿ, 1947ರ ಏಪ್ರಿಲಿನಲ್ಲಿ ಅದೇ ಸ್ಥಳದಲ್ಲಿ ಗಲ್ಲಿಗೇರಿಸಿತು.

ಮೂರನೆಯದು ನಿಜವಾದ ಸಾಕ್ಷಿಯೇ. ‘20 ಡೇಸ್ ಇನ್ ಮಾರಿಯುಪೋಲ್’ ಎಂಬ ವಾಸ್ತವಚಿತ್ರವನ್ನು ಉಕ್ರೇನಿನ ವರದಿಗಾರ ಮ್ಸ್ತಿಸ್ಲಾವ್ ಚೆರ್ನೋವ್ ಅವರು ತಮ್ಮ ಸಂಗಡಿಗರೊಡನೆ ಮುತ್ತಿಗೆಯ ನಗರದಲ್ಲಿಯೇ ನಿಂತು ತೆಗೆದರು. 2022ರ ಮಾರ್ಚ್ 9ರಂದು ಅಲ್ಲಿಯ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಬಿದ್ದಿತು. ರಶಿಯದ ಅಧಿಕಾರಿಗಳು ಇದೆಲ್ಲ ನಟನೆಯೆಂದರು. ಆದರೆ ಗಾಯಗೊಂಡ ಗರ್ಭಿಣಿಯನ್ನು ಹೊತ್ತೊಯ್ಯುವ ಚಿತ್ರ ಅದಾಗಲೇ ಲೋಕವನ್ನು ಮುಟ್ಟಿತ್ತು; ಆಕೆಯೂ ಮಗುವೂ ಉಳಿಯಲಿಲ್ಲ. ಪಾರಿತೋಷಕ ಸ್ವೀಕರಿಸುವಾಗ ಚೆರ್ನೋವ್ ಅವರು ಈ ಪಟವನ್ನು ತೆಗೆಯುವ ಪ್ರಸಂಗವೇ ಬಾರದಿದ್ದರೆ ಲೇಸಾಗುತ್ತಿತ್ತೆಂಬ ಅರ್ಥದ ಮಾತನ್ನಾಡಿದರು.

ಈ ವರದಿಗಾರರು ನಗರ ಬಿಟ್ಟದ್ದು ಮಾರ್ಚ್ 15ರಂದು. ಮರುದಿನ, 16ರಂದು, ನಿರಾಶ್ರಿತರು ತುಂಬಿದ್ದ ಅಲ್ಲಿಯ ನಾಟಕಗೃಹದ ಮೇಲೆ ಬಾಂಬು ಬಿದ್ದಿತು. ಅಲ್ಲಿ ಸತ್ತವರ ಸಂಖ್ಯೆಯ ಬಗ್ಗೆ ಒಂದು ಅಂದಾಜಿಗೂ ಇನ್ನೊಂದಕ್ಕೂ ನೂರಾರು ಪ್ರಾಣಗಳ ಅಂತರವಿದೆ. ಸಾಕ್ಷಿಯಿದ್ದ ದಿನದ ಸತ್ಯವೆಷ್ಟು, ಸಾಕ್ಷಿಯಿಲ್ಲದ ದಿನದ ಸತ್ಯವೆಷ್ಟು ಎಂಬದನ್ನು ಅಳೆಯಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಾಲ್ಕನೆಯದು ಜಪಾನದ ‘ಗಾಡ್ಜಿಲ್ಲ ಮೈನಸ್ ಒನ್’. ಭೀಕರ ಪ್ರಾಣಿಯ ಕಥೆಯೆಂದು ಹುಡುಗರು ನೋಡುವ ಈ ಪಟದ ಬೇರು ಅಣುಬಾಂಬಿನಲ್ಲಿಯೇ ಇದೆ. 1954ರ ಮಾರ್ಚ್ 1ರಂದು ಅಮೇರಿಕೆಯು ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿದಾಗ ಜಪಾನದ ಮೀನುಗಾರರ ಒಂದು ದೋಣಿಯ 23 ಜನರ ಮೇಲೆ ವಿಷದ ಬೂದಿ ಸುರಿಯಿತು. ಒಬ್ಬನು ಸಪ್ಟಂಬರಿನಲ್ಲಿ ಸತ್ತನು. ಮೊದಲ ಗಾಡ್ಜಿಲ್ಲ ಪಟವು ಅದೇ ನವಂಬರಿನಲ್ಲಿ ಹೊರಬಂದಿತು. ಆ ಬೂದಿಯ ಸುದ್ದಿ ಕೇಳಿಯೇ ನಮ್ಮ ಪ್ರಧಾನಿ ನೆಹರೂ ಅವರು 1954ರ ಏಪ್ರಿಲ್ 2ರಂದು ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ತಡೆಹಿಡಿಯುವ ಒಪ್ಪಂದವಾಗಬೇಕೆಂದು ಸೂಚಿಸಿದ್ದರು. ಈಗಿನ ಪಟವು ಸೋತ ದೇಶದ ಬಡಜನರು ಸರಕಾರದ ಹಂಗಿಲ್ಲದೆ ಒಟ್ಟುಗೂಡಿ ಊರನ್ನು ಕಾಯುವದನ್ನು ಹೃದಯಸ್ಪರ್ಶಿಯಾಗಿ ಹೇಳುತ್ತದೆ. ಆದರೆ ನಮ್ಮ ಪ್ರಶ್ನೆಯನ್ನು ಇದಕ್ಕೂ ಕೇಳಲೇಬೇಕು. 1937ರಲ್ಲಿ ನಾನ್‌ಕಿಂಗ್ ನಗರದಲ್ಲಿ ಜಪಾನದ ಸೈನ್ಯವು ಯಾರ ಮನೆಗಳನ್ನು ಹಾಳುಮಾಡಿತೋ ಆ ಚೀನೀಯರು ಇಲ್ಲಿ ಎಲ್ಲಿದ್ದಾರೆ? ತನ್ನ ಗಾಯವನ್ನು ತೋರಿಸುವವನು ತಾನು ಮಾಡಿದ ಗಾಯವನ್ನು ಮುಚ್ಚಿಡುವದು ಯಾವ ಒಂದು ದೇಶದ ಗುಣವೂ ಅಲ್ಲ.

ನಮ್ಮ ದೇಶದ್ದೂ ಹೊರತಲ್ಲ. 1998ರ ಪೋಖರಣ ಪರೀಕ್ಷೆಗಳ ತರುವಾಯ ಆನಂದ ಪಟವರ್ಧನರು ‘ಜಂಗ್ ಔರ್ ಅಮನ್’ ಎಂಬ ವಾಸ್ತವಚಿತ್ರವನ್ನು ನಿರ್ಮಿಸಿದರು. ಪರೀಕ್ಷೆಯ ಸ್ಥಳದ ನೆರೆಯ ಹಳ್ಳಿಗರೂ ಯುರೇನಿಯಮ್ ಗಣಿಯ ಬಳಿಯ ಆದಿವಾಸಿಗಳೂ ಅದರಲ್ಲಿ ತಮ್ಮ ಬಾಯಿಂದಲೇ ಮಾತಾಡಿದರು. ಪರೀಕ್ಷಕ ಮಂಡಲಿಯವರು ಅದಕ್ಕೆ ಹಲವು ಕಡೆ ಕತ್ತರಿ ಹಾಕಬೇಕೆಂದರು. 2003ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಒಂದು ಕತ್ತರಿಯೂ ಬೇಡವೆಂದು ತೀರ್ಪಿತ್ತಿತು. ಪರೀಕ್ಷೆಗಳು ದೇಶರಕ್ಷಣೆಗೆ ಅವಶ್ಯವಾಗಿದ್ದವೇ ಎಂಬ ವಿಷಯದಲ್ಲಿ ವಾಚಕರಲ್ಲಿ ಎರಡು ಅಭಿಪ್ರಾಯಗಳಿರಬಹುದು. ಅವಶ್ಯವೆನ್ನುವವರೂ ಆ ಹಳ್ಳಿಗರ ಮಾತನ್ನು ಕೇಳಿ ಅನಂತರ ಅವಶ್ಯವೆನ್ನಲಿ. ದೇಶಾಭಿಮಾನಕ್ಕೆ ಅದರಿಂದ ಕುಂದು ಬಾರದು. ಕೇಳದೆ ಇದ್ದರೆ ಮಾತ್ರ ಬರುವದು.

ಹಳೆಯ ಮಾತನ್ನು ಈಗೇಕೆ ಕೆದಕುವದೆಂದು ಕೆಲವರು ಕೇಳಬಹುದು. ಅಮೇರಿಕೆಗೂ ರಶಿಯಕ್ಕೂ 2010ರಲ್ಲಿ ಆದ ಒಪ್ಪಂದದಂತೆ ಪ್ರತಿಯೊಂದು ದೇಶವು 1,550ಕ್ಕಿಂತ ಹೆಚ್ಚು ದೂರಗಾಮಿ ಅಣ್ವಸ್ತ್ರಗಳನ್ನು ಸಿದ್ಧವಾಗಿ ಇಡಕೂಡದೆಂಬ ನಿರ್ಬಂಧವಿತ್ತು. 2023ರ ಫೆಬ್ರವರಿಯಲ್ಲಿ ರಶಿಯವು ತನ್ನ ಪಾಲನ್ನು ತಡೆಹಿಡಿಯಿತು. ಅದೇ ವರ್ಷದ ನವಂಬರಿನಲ್ಲಿ ಪರೀಕ್ಷೆಗಳನ್ನು ನಿಷೇಧಿಸುವ ಇನ್ನೊಂದು ಒಪ್ಪಂದಕ್ಕೆ ಕೊಟ್ಟಿದ್ದ ಅನುಮೋದನೆಯನ್ನೂ ಹಿಂದೆಗೆದುಕೊಂಡಿತು. ಅಮೇರಿಕೆಯು ಅದಕ್ಕೆ ಅನುಮೋದನೆಯನ್ನೇ ಕೊಟ್ಟಿರಲಿಲ್ಲ. 2021ರಲ್ಲಿ ಅವಧಿ ಬೆಳೆಸಿದಾಗ 2010ರ ಒಪ್ಪಂದಕ್ಕೆ ಗೊತ್ತುಪಡಿಸಿದ ಕಡೆಯ ದಿನ 2026ರ ಫೆಬ್ರವರಿ 5. ಹೀಗೆ ಕಟ್ಟುಗಳು ಒಂದೊಂದಾಗಿ ಸಡಿಲಾಗುವ ಕಾಲದಲ್ಲಿಯೇ ಬಾಂಬಿನ ರುಚಿ ಕಂಡ ಜನರೂ ಕಣ್ಮರೆಯಾಗುತ್ತಿದ್ದಾರೆ. ಜಪಾನ ಸರಕಾರದ ದಾಖಲೆಯಲ್ಲಿ ಬದುಕಿರುವ ಬಾಂಬು ಸಂತ್ರಸ್ತರ ಸಂಖ್ಯೆಯು 2025ರ ಮಾರ್ಚ್ ಅಂತ್ಯಕ್ಕೆ ಮೊದಲ ಸಲ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು 86 ದಾಟಿತ್ತು.

ಇವರು 1956ರಲ್ಲಿ ಕಟ್ಟಿಕೊಂಡ ‘ನಿಹೋನ್ ಹಿದಾಂಕ್ಯೋ’ ಸಂಘಕ್ಕೆ 2024ರ ನೋಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಸಂಘದ ಪರವಾಗಿ ಓಸ್ಲೋ ನಗರದಲ್ಲಿ ಮಾತಾಡಿದ ತೆರುಮಿ ತನಾಕಾ ಅವರಿಗೆ ಆಗ 92 ವರ್ಷ. ನಾಗಸಾಕಿಯ ಮೇಲೆ ಬಾಂಬು ಬಿದ್ದಾಗ 13 ವರ್ಷದ ಹುಡುಗ. ತಮ್ಮ ಬಂಧುಗಳಲ್ಲಿ ಐವರನ್ನು ಆತನು ಕಳೆದುಕೊಂಡಿದ್ದನು. ಲೋಕದ ಮುಂದೆ ನಿಂತು ಅವರು ಅಮೇರಿಕೆಯನ್ನಷ್ಟೇ ದೂರಲಿಲ್ಲ. ಸತ್ತವರಿಗಾಗಿ ತಮ್ಮ ಸ್ವಂತ ಸರಕಾರವು ಪರಿಹಾರವನ್ನೇ ಕೊಟ್ಟಿಲ್ಲವೆಂಬದನ್ನೂ ನಿರ್ಭಿಡೆಯಿಂದ ಸಾರಿದರು. ತಾನು ಕಂಡದ್ದನ್ನು ಕಂಡಂತೆ, ತನ್ನವರ ದಾಕ್ಷಿಣ್ಯವಿಲ್ಲದೆ ನುಡಿಯುವವನೇ ಸಾಕ್ಷಿ. ಮೂರು ತಾಸಿನ ಆ ಭವ್ಯ ಪಟದಲ್ಲಿ ನನಗೆ ಕಾಣದ ಮನುಷ್ಯನು ಈ ಮುದುಕನು.

ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಅರಿಕೆ. ನಿಮ್ಮ ವಿದ್ಯಾರ್ಥಿಗಳು ಇಂಥ ಪಟಗಳನ್ನು ನೋಡಿಯೇ ನೋಡುತ್ತಾರೆ. ನೋಡಬೇಡಿರೆಂದು ತಡೆಯುವದು ಶಕ್ಯವೂ ಅಲ್ಲ, ಯೋಗ್ಯವೂ ಅಲ್ಲ. ಮರುದಿನ ತರಗತಿಯಲ್ಲಿ ಅವರಿಗೆ ಕೇಳಿರಿ: ಬಾಂಬು ಹಾಕಿದವನ ಹೆಸರು ನಿಮಗೆ ಗೊತ್ತಾಯಿತು, ಬಾಂಬು ಬಿದ್ದ ಬೀದಿಯ ಒಬ್ಬನ ಹೆಸರಾದರೂ ಗೊತ್ತಾಯಿತೇ? ಉತ್ತರ ಇಲ್ಲವೆಂದು ಬಂದರೆ ಆ ಒಂದು ಹೆಸರನ್ನು ಹುಡುಕಿಸಿರಿ. ಪತ್ರಿಕೆಯಲ್ಲಿ ಯಾವುದೋ ದೂರದೇಶದ ಯುದ್ಧದ ಸುದ್ದಿ ಓದುವಾಗಲೂ ಸೇನಾಪತಿಗಳ ಹೇಳಿಕೆಗಳನ್ನು ದಾಟಿ ಆ ಬೀದಿಯವನ ಮಾತಿಗಾಗಿ ಕಣ್ಣಾಡಿಸುವ ಚಟ ಅವರಿಗೆ ಹತ್ತಲಿ. ಮುಂದೆ ಯಾವ ದಿನವಾದರೂ ನಮ್ಮ ಹೆಸರಿನಲ್ಲಿ ಯಾರ ಮೇಲಾದರೂ ಬಾಂಬು ಹಾಕಬಹುದೇ ಎಂಬ ಪ್ರಶ್ನೆ ಬಂದರೆ, ಮತ ಹಾಕಿ ಅದರ ಉತ್ತರವನ್ನು ಕೊಡುವವರು ಇಂದು ನಿಮ್ಮ ಮುಂದೆ ಕುಳಿತ ಆ ಹುಡುಗ ಹುಡುಗಿಯರೇ.