ಕುಚೇಲನ ಹೆಂಡತಿಯ ಗೆಳತಿ

ಕುಚೇಲ ಹಳೆಯ ಗೆಳೆಯನನ್ನು ನೋಡಲು ದ್ವಾರಕೆಗೆ ಹೊರಟ ಕತೆ ಎಲ್ಲರಿಗೂ ಗೊತ್ತು. ಇಬ್ಬರೂ ಸಾಂದೀಪನಿಯ ಬಳಿ ಜೊತೆಯಾಗಿ ಓದಿದವರು. ಇವತ್ತಿನ ಮಾತಿನಲ್ಲಿ ಹಾಸ್ಟೆಲ್ ಮೇಟ್‌ಗಳು. ನೆರೆಮನೆಗಳಲ್ಲಿ ಬೇಡಿ ತಂದ ಅವಲಕ್ಕಿಯನ್ನು ಹರಕು ಬಟ್ಟೆಯಲ್ಲಿ ಕಟ್ಟಿಕೊಟ್ಟವಳು ಅವನ ಹೆಂಡತಿ. ಸ್ನೇಹ ಎಂದರೆ ಹೀಗಿರಬೇಕು ಎಂದು ನಾವು ಇಂದಿಗೂ ಈ ಕತೆ ಹೇಳುತ್ತೇವೆ. ಆಕೆಗೂ ಒಬ್ಬ ಗೆಳತಿ ಇದ್ದಿರಬಹುದಲ್ಲ? ಆಕೆ ಹೊರಟಿದ್ದರೆ ಅವಲಕ್ಕಿ ಕಟ್ಟಿಕೊಡುತ್ತಿದ್ದವರು ಯಾರು?

ಕಳೆದ ತಿಂಗಳು ನಾವು ಐವರು ಗೆಳತಿಯರು ಶಿವಮೊಗ್ಗದಲ್ಲಿ ಶನಿವಾರ, ಭಾನುವಾರ ಒಟ್ಟಿಗಿದ್ದೆವು. ಪದವಿ ಓದುವಾಗ ಮೂರು ವರ್ಷ ಒಂದೇ ಹಾಸ್ಟೆಲಿನಲ್ಲಿದ್ದವರು, ಏಳು ವರ್ಷದ ಮೇಲೆ ಸಿಕ್ಕಿದ್ದು. ದಿನ ಗೊತ್ತು ಮಾಡಲಿಕ್ಕೇ ಐದು ತಿಂಗಳು ಹಿಡಿಯಿತು. ಒಬ್ಬಳು ಎರಡು ದಿನಕ್ಕಾಗುವಷ್ಟು ದೋಸೆಹಿಟ್ಟು ರುಬ್ಬಿ, ಸಾರು ಮಾಡಿ ಫ್ರಿಜ್ಜಿನಲ್ಲಿಟ್ಟು ಬಂದಿದ್ದಳು. ಇನ್ನೊಬ್ಬಳು ಮನೆಯಲ್ಲಿ ಸಹೋದ್ಯೋಗಿಯ ಮದುವೆ ಎಂದು ಸುಳ್ಳು ಹೇಳಿದ್ದಳು. ಮದುವೆಯಾಗದ, ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಈ ವ್ಯತ್ಯಾಸವೇ ನನ್ನ ಸಿಟ್ಟಿನ ಮೂಲ.

ನಮ್ಮಲ್ಲಿ ಹೆಂಗಸು ಮನೆಯಿಂದ ಹೊರಡಲು ಒಪ್ಪಿತವಾದ ಕಾರಣಗಳಿವೆ: ದೇವಸ್ಥಾನ, ಮದುವೆ, ಆಸ್ಪತ್ರೆ, ತವರಿನ ಬಾಣಂತನ. ‘ಗೆಳತಿಯನ್ನು ನೋಡಬೇಕು’ ಎಂಬುದು ಆ ಪಟ್ಟಿಯಲ್ಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ, ಹೆಂಗಸರು ಮನೆ ಬಿಟ್ಟು ಊರೂರು ತಿರುಗುತ್ತಾರೆ ಎಂದು ಎಷ್ಟೊಂದು ಕುಹಕ! ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡು ಕೊಡುವುದು ತಪ್ಪಿತು. ಹೊಸಿಲು ದಾಟಲು ಕಾರಣ ಕೊಡುವುದು ತಪ್ಪಲಿಲ್ಲ.

‘ಗಂಡಸರಿಗಾದರೂ ಪುರುಸೊತ್ತು ಎಲ್ಲಿದೆ?’ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಅದೂ ಆ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಅಂಥವರು ನೂರಕ್ಕೆ ಸುಮಾರು 26 ಮಂದಿ. ಪುರುಸೊತ್ತು ಯಾರ ಕೈಯಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ವಾಟ್ಸಾಪ್ ಇದೆಯಲ್ಲ’ ಎನ್ನುವುದು ಇನ್ನೊಂದು ಸಮಾಧಾನ. ನಮ್ಮ ಗುಂಪಿನಲ್ಲಿ ದಿನವೂ ಶುಭೋದಯ, ಮಕ್ಕಳ ಫೋಟೊ, ಕೇಕಿನ ಫೋಟೊ ಬರುತ್ತವೆ. ಅವುಗಳ ನಡುವೆ ಎಲ್ಲೂ ಬಾರದ ಸಂಗತಿಯೊಂದನ್ನು ಶನಿವಾರ ರಾತ್ರಿ ಒಬ್ಬಳು ಹೇಳಿದಳು: ಎರಡು ವರ್ಷದ ಹಿಂದೆ, ಮೂರನೇ ತಿಂಗಳಲ್ಲಿ ಅವಳ ಗರ್ಭ ಹೋಗಿತ್ತು. ಮನೆಯಲ್ಲಿ ಆ ಮಾತು ಎತ್ತುವಂತಿಲ್ಲವಂತೆ. ಅದನ್ನು ಟೈಪ್ ಮಾಡಿ ಹೇಳಲಾಗುವುದಿಲ್ಲ. ಪಕ್ಕದಲ್ಲಿ ಚಾಪೆ ಹಾಸಿ ಮಲಗಿದವಳಿಗೆ, ದೀಪ ಆರಿದ ಮೇಲೆ ಮಾತ್ರ ಹೇಳಲಾಗುತ್ತದೆ.

ಕಾಳಿದಾಸನ ಶಾಕುಂತಲದಲ್ಲಿ ಅನಸೂಯೆ, ಪ್ರಿಯಂವದೆಯರು ನಾಲ್ಕನೇ ಅಂಕದ ತನಕ ಶಕುಂತಲೆಯ ಉಸಿರಿನಂತಿರುತ್ತಾರೆ. ಅವಳು ಗಂಡನ ಮನೆಗೆ ಹೊರಟಾಗ, ಇವರಿಗೂ ಮದುವೆಯಾಗಬೇಕು, ಅಲ್ಲಿಗೆ ಬರುವುದು ಸರಿಯಲ್ಲ ಎಂದು ಕಣ್ವರು ತಡೆಯುತ್ತಾರೆ. ಮುಂದೆ ಆ ಇಬ್ಬರೂ ರಂಗಕ್ಕೆ ಬರುವುದೇ ಇಲ್ಲ. ತುಂಬಿದ ಸಭೆಯಲ್ಲಿ ರಾಜ ತನಗೆ ಗೊತ್ತೇ ಇಲ್ಲ ಎಂದಾಗ, ನಡೆದದ್ದೆಲ್ಲ ಬಲ್ಲ ಗೆಳತಿಯರು ಶಕುಂತಲೆಯ ಪಕ್ಕದಲ್ಲಿರಲಿಲ್ಲ. ನಾಟಕದ ಆ ನಿಯಮವನ್ನು ನಮ್ಮ ಮನೆಗಳು ಇನ್ನೂ ಪಾಲಿಸುತ್ತಿವೆ.

ಹೆಣ್ಣಿನ ಗೆಳೆತನ ಮದುವೆಗೆ ಮುಂಚಿನ ಕಾಲಕ್ಷೇಪವಲ್ಲ. ಅವಳ ಬದುಕಿಗೆ ಇರುವ ಸಾಕ್ಷಿ ಅದು. ಗಂಡಂದಿರೇ, ಅತ್ತೆಯರೇ, ‘ನಾವು ಕಳಿಸಿಕೊಟ್ಟೆವು’ ಎಂಬ ದೊಡ್ಡತನ ಬೇಡ. ಕಳಿಸಲು ಅವಳು ಪಾರ್ಸೆಲ್ ಅಲ್ಲ. ಎಲ್ಲಿಗೆ ಎಂದು ಕೇಳಿ, ಏಕೆ ಎಂದು ಕೇಳಬೇಡಿ. ಎರಡು ದಿನದ ಸಾರು ನೀವೇ ಮಾಡಿಕೊಳ್ಳಿ.