ಕಯಾಕೂ ಕಾಯಕವೂ

ನನ್ನ ತಂಗಿಯ ಮಗ ಮಂಗಳೂರಿನಲ್ಲಿ ಓದುತ್ತಾನೆ. ಕಳೆದ ಡಿಸೆಂಬರಿನಲ್ಲಿ ಒಂದು ರಾತ್ರಿ ಫೋನು ಮಾಡಿ, ‘ಮಾಮಾ, ಇವತ್ತ ಮುಂಜಾನೆ ಸಮುದ್ರದಾಗ ಕಯಾಕ್ ಮ್ಯಾಲ ಮೀನ ಹಿಡಿಯಾಕ ಹೋಗಿದ್ದೆ’ ಎಂದ. ನನ್ನ ಕಿವಿ ಈಚೆಗೆ ಸ್ವಲ್ಪ ಮಂದ. ‘ಕಾಯಕ’ ಎಂದು ಕೇಳಿಸಿತು. ‘ಭೇಷ್! ಓದೋದರ ಜೊತಿಗೆ ಕಾಯಕಾನೂ ಸುರು ಮಾಡಿದಿ ಅನ್ನು’ ಎಂದೆ. ಆ ಕಡೆಯಿಂದ ಜೋರಾಗಿ ನಗು ಬಂತು.

ಕಯಾಕ್ ಎಂದರೆ ಉದ್ದನೆಯ, ಕಿರಿದಾದ, ಒಬ್ಬರು ಕೂಡುವ ದೋಣಿ. ಕಾಲು ಚಾಚಿ ಕುಳಿತು, ಎರಡೂ ತುದಿಗೆ ಹಲಗೆಯಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಸಾಗಬೇಕು. ಉತ್ತರ ಧ್ರುವದ ಹಿಮದ ನಾಡಿನ ಇನ್ಯುಯಿಟ್ ಜನರು ಸೀಲ್ ಪ್ರಾಣಿಯ ಬೇಟೆಗೆಂದು ಇದನ್ನು ಮಾಡಿಕೊಂಡರು. ತೇಲಿ ಬಂದ ಕಟ್ಟಿಗೆಯಿಂದಲೋ ತಿಮಿಂಗಿಲದ ಎಲುಬಿನಿಂದಲೋ ಹಂದರ ಕಟ್ಟಿ, ಮೇಲೆ ಸೀಲ್ ಚರ್ಮ ಹೊಲಿಯುತ್ತಿದ್ದರು. ಈಗ ಅದು ಪ್ಲಾಸ್ಟಿಕ್ಕಿನದಾಗಿ, ಹವ್ಯಾಸಿಗಳ ಕೈಗೂ ಬಂದಿದೆ. ನಮ್ಮ ಹುಡುಗ ಬೆಳಕು ಹರಿಯುವ ಮುಂಚೆ ಸಮುದ್ರಕ್ಕಿಳಿದು, ಗಾಳಿ ಏಳುವಷ್ಟರಲ್ಲಿ ದಡಕ್ಕೆ ಬಂದನಂತೆ. ಸಿಕ್ಕಿದ್ದು ಎರಡು ಬಂಗುಡೆ ಮತ್ತು ಒಂದು ವಾರದ ಬೆನ್ನುನೋವು. ಆದರೂ ದನಿಯಲ್ಲಿ ಹೆಮ್ಮೆ. ಕೊನೆಗೆ, ‘ನಿಮ್ಮ ಇಳಕಲ್ಲಿನಾಗ ಇಂಥಾದ್ದ ಎಲ್ಲಿ ಬರಬೇಕ್ರಿ ಮಾಮಾ?’ ಎಂದು ಚುಚ್ಚಿದ.

ಇಳಕಲ್ಲಿನಲ್ಲಿ ಸೀರೆಯುಂಟು, ಕೆಂಪು ಕಲ್ಲುಂಟು, ಸಮುದ್ರವಿಲ್ಲ. ಆದರೆ ಹುನಗುಂದ ದಾಟಿ ಸ್ವಲ್ಪ ಮುಂದೆ ಹೋದರೆ ಕೃಷ್ಣೆಯಿದ್ದಾಳೆ. ‘ಸಂಕ್ರಾಂತಿ ಸೂಟಿಗೆ ಬಾ, ತೋರಸ್ತೀನಿ’ ಎಂದೆ.

ಹುಡುಗ ಬಂದ. ಚೀಲದಲ್ಲಿ ಕಿತ್ತಳೆ ಬಣ್ಣದ ಎರಡು ಲೈಫ್ ಜಾಕೆಟ್ಟುಗಳಿದ್ದವು. ಜಾಕೆಟ್ ಇಲ್ಲದೆ ಅವರ ಗುಂಪಿನಲ್ಲಿ ಯಾರನ್ನೂ ನೀರಿಗೆ ಬಿಡುವುದಿಲ್ಲವಂತೆ.

ನಾವು ಹೋದದ್ದು ಕೂಡಲಸಂಗಮದಿಂದ ತುಸು ಕೆಳಗಿನ ಒಂದು ಹಳ್ಳಿಗೆ. ಮಲಪ್ರಭೆ ಕೃಷ್ಣೆಯನ್ನು ಕೂಡಿದ ಮೇಲೆ ನದಿ ಇಲ್ಲಿ ನದಿಯಂತಿಲ್ಲ, ಕೆರೆಯಂತೆ ಹರಡಿಕೊಂಡಿದೆ. ಕೆಳಗೆ ನಾರಾಯಣಪುರದ ಅಣೆಕಟ್ಟು, ಇದು ಅದರ ಹಿನ್ನೀರು. ಮೇಲೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು, 2006ರಲ್ಲಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಈ ಎರಡು ಇಸವಿಗಳ ನಡುವೆ ನಮ್ಮ ಜಿಲ್ಲೆಯ ಎಷ್ಟೋ ಊರು, ಹೊಲ, ಬಾವಿ ನೀರಿನೊಳಗೆ ಹೋದವು. ಬಾಗಲಕೋಟೆಯ ಅರ್ಧ ಊರೇ ಎದ್ದು ನವನಗರಕ್ಕೆ ಹೋಯಿತು. ಅಪ್ಪ ಜೋಳ ಬಿತ್ತಿದ ಹೊಲದ ಮೇಲೆ ಮಗ ಬಲೆ ಬೀಸುವ ದೃಶ್ಯ ನಮ್ಮ ಜಿಲ್ಲೆಯಲ್ಲಿ ಅಪರೂಪವಲ್ಲ.

ದಡದಲ್ಲಿ ಹರಿಗೋಲು ಬೋರಲು ಹಾಕಿತ್ತು. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಮೀನುಗಾರ ಮತ್ತು ಒಂಬತ್ತನೆಯ ಇಯತ್ತೆಯಲ್ಲಿ ಓದುವ ಅವನ ಮಗ. ಪರಿಚಯದವರೊಬ್ಬರು ಮೊದಲೇ ಹೇಳಿಟ್ಟಿದ್ದರು. ಅಪ್ಪ ನನ್ನನ್ನು ಎರಡು ಸಲ ನೋಡಿ ನಕ್ಕ. ‘ಯಾಕ್ರೀ ಸರ, ಗುರತ ಹತ್ತಲಿಲ್ಲೇನ್ರಿ? ನಿಮ್ಮ ಕೈಯಾಗ ಎಂಟನೇತ್ತ ಕಲಿತಾವ ನಾನು’ ಎಂದ. ನನಗೆ ಗುರುತು ಹತ್ತಲಿಲ್ಲ. ಹತ್ತಿದಂತೆ ತಲೆಯಾಡಿಸಿದೆ.

ಹರಿಗೋಲು ನೋಡಿ ನಮ್ಮ ಹುಡುಗ, ‘ಇದು ಬುಟ್ಟಿ ಅಲ್ಲೇನ್ರಿ?’ ಎಂದ. ಬುಟ್ಟಿಯೇ. ಬಿದಿರಿನ ದಬ್ಬೆಗಳನ್ನು ಹೆಣೆದು, ಹಿಂದಿನ ಕಾಲಕ್ಕೆ ತೊಗಲು ಹೊಚ್ಚುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊಚ್ಚಿ ಡಾಂಬರು ಬಳಿಯುತ್ತಾರೆ. ಐನೂರು ವರ್ಷದ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇವನ್ನು ಕಂಡು, ಬುಟ್ಟಿಯಂಥ ದೋಣಿಗಳು ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತವೆ ಎಂದು ಬರೆದಿಟ್ಟ. ನಾನು ಹುಡುಗನಿಗೆ, ‘ನಿನ್ನ ಕಯಾಕಿಗೂ ಇದಕ್ಕೂ ಹಂದರ ಒಂದ ಜಾತಿ ನೋಡು, ಮ್ಯಾಲ ತೊಗಲು, ಒಳಗ ಎಲುಬು’ ಎಂದೆ. ಹಿಮದ ನಾಡಿನವನೂ ಕೃಷ್ಣೆಯ ದಂಡೆಯವನೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಲೆಕ್ಕ ಬಿಡಿಸಿದ್ದರು. ಕೈಗೆ ಸಿಕ್ಕಿದ್ದರಲ್ಲಿ ಹಗುರವಾದ, ಹೊತ್ತುಕೊಂಡು ಹೋಗಬಹುದಾದ ದೋಣಿ ಮಾಡುವುದು ಹೇಗೆ ಎಂಬುದೇ ಆ ಲೆಕ್ಕ.

ನಾಲ್ವರೂ ಕುಳಿತೆವು. ಅಪ್ಪ ಹುಟ್ಟನ್ನು ಮಗನ ಕೈಗೆ ಕೊಟ್ಟ. ನಮ್ಮ ಹುಡುಗ, ‘ನಾ ಒಂದೀಟ ನೋಡ್ಲೇನು?’ ಎಂದು ಇಸಿದುಕೊಂಡು ಕಯಾಕಿನ ರೀತಿ ಬದಿಗೆ ಹುಟ್ಟು ಹಾಕಿದ. ಹರಿಗೋಲು ಬುಗುರಿಯಂತೆ ತಿರುಗಿತು. ಮತ್ತೊಂದು ಬದಿಗೆ ಹಾಕಿದ. ಆ ಕಡೆಗೆ ತಿರುಗಿತು. ಉದ್ದನೆಯ ದೋಣಿ ನೀರನ್ನು ಸೀಳಿ ನೆಟ್ಟಗೆ ಹೋಗುತ್ತದೆ. ಗುಂಡಗಿನದಕ್ಕೆ ಮುಂದು ಹಿಂದು ಎಂಬುದೇ ಇಲ್ಲ. ಚಿಕ್ಕ ಹುಡುಗ ನಗದೆ, ‘ಬಾಜೂಕ ಅಲ್ರೀ ಅಣ್ಣಾ, ಮುಂದ ಹಾಕಿ ನಿಮ್ಮ ಕಡೆ ಎಳಕೋರಿ’ ಎಂದು ತೋರಿಸಿದ. ಎದುರಿನ ನೀರನ್ನು ಅತ್ತಿತ್ತ ಬಳಸಿ ತನ್ನತ್ತ ಸೆಳೆಯುತ್ತ ಹೋದ. ಬುಟ್ಟಿ ನೆಟ್ಟಗೆ ನಡೆಯಿತು.

ಹಿಂದಿನ ಸಂಜೆ ಬಿಟ್ಟ ಬಲೆ ನೀರಿನಲ್ಲಿ ಗೋಡೆಯಂತೆ ನಿಂತಿತ್ತು. ಮೇಲೆ ಥರ್ಮೊಕೋಲಿನ ತುಂಡುಗಳು, ಕೆಳಗೆ ಭಾರ. ಮೀನು ಕಣ್ಣಿನೊಳಗೆ ತಲೆ ತೂರಿಸುತ್ತದೆ, ಹಿಂದೆ ಸರಿಯುವಾಗ ಕಿವಿರು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಲೆಯ ಕಣ್ಣು ಎಷ್ಟು ದೊಡ್ಡದೋ ಅಷ್ಟು ದೊಡ್ಡ ಮೀನು. ‘ಸಣ್ಣ ಕಣ್ಣಿನ ಬಲಿ ಹಾಕಿದ್ರ ಮರೀನೂ ಬರತಾವ್ರಿ. ಮುಂದಿನ ವರ್ಷ ಏನ ಹಿಡಿಯೋದ್ರಿ?’ ಎಂದ ಹುಡುಗ.

ಅಪ್ಪ ಬಲೆ ಎಳೆಯುತ್ತಿದ್ದ, ಮಗ ಮೀನು ಬಿಡಿಸುತ್ತ ನಮಗೆ ಪಾಠ ಹೇಳುತ್ತಿದ್ದ. ಕಟ್ಲಾದ ಬಾಯಿ ಮೇಲಕ್ಕೆ ತಿರುಗಿರುತ್ತದೆ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ಮೃಗಾಲದ ಬಾಯಿ ಕೆಳಕ್ಕೆ, ಅದು ತಳದ ಕೆಸರಿನಲ್ಲಿ ಮೇಯುತ್ತದೆ. ನಡುವಿನ ನೀರು ರೋಹುವಿನದು. ಮೂರೂ ಒಂದೇ ನೀರಿನಲ್ಲಿ ಜಗಳವಿಲ್ಲದೆ ಇರುತ್ತವೆ. ಕೆರೆಗಳಿಗೆ ಈ ಮೂರನ್ನೂ ಕೂಡಿಸಿ ಬಿಡುವುದು ಇದೇ ಕಾರಣಕ್ಕೆ. ಗಂಗಾ ಬಯಲಿನ ಈ ಮೀನುಗಳು ದೇಶದ ಮೂಲೆಮೂಲೆಯ ಕೆರೆಗಳಿಗೆ ಹಬ್ಬಿದ್ದು ವಿಜ್ಞಾನಿ ಹೀರಾಲಾಲ್ ಚೌಧುರಿಯವರಿಂದ. 1957ರ ಜುಲೈ 10ರಂದು ಒಡಿಶಾದಲ್ಲಿ ಅವರು ಚುಚ್ಚುಮದ್ದಿನ ಮೂಲಕ ಸಾಕಿದ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ನಾನು ಇದನ್ನು ಹೇಳಿದಾಗ ಹುಡುಗ ಕೆಲಸ ನಿಲ್ಲಿಸಿ ಕೇಳಿದ.

ಎಂಟು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು, ಸಣ್ಣ ತೆರೆಗಳು ಬುಟ್ಟಿಗೆ ಬಡಿಯತೊಡಗಿದವು. ಬಲೆ ಕೆಳಗಿನ ಯಾವುದೋ ಮುಳುಗಿದ ಗಿಡಕ್ಕೆ ತೊಡರಿತು. ನಮ್ಮ ಮಂಗಳೂರಿನವನು ಸಹಾಯ ಮಾಡಲೆಂದು ತಟ್ಟನೆ ಎದ್ದು ನಿಂತ. ಹರಿಗೋಲು ಒಂದು ಕಡೆಗೆ ವಾಲಿ ಅಂಚಿನವರೆಗೆ ನೀರು ಬಂತು. ‘ಕುಂಡ್ರಿ!’ ಒಂಬತ್ತನೆಯ ಇಯತ್ತೆಯ ಹುಡುಗನ ದನಿ ಎಂಥ ಹೆಡ್‌ಮಾಸ್ತರರ ದನಿಗಿಂತಲೂ ಬಿರುಸಾಗಿತ್ತು. ಇವನು ಕುಸಿದು ಕುಳಿತ. ಬುಟ್ಟಿ ಸಮವಾಯಿತು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗುರುತ್ವ ಕೇಂದ್ರ ಮೇಲೇರಿದರೆ ದೋಣಿ ಮಗುಚುತ್ತದೆ ಎಂದು ಮೂವತ್ತು ವರ್ಷ ಹಲಗೆಯ ಮೇಲೆ ಬರೆದವನು ನಾನು. ಅಂದು ಅದು ಹೊಟ್ಟೆಯಲ್ಲಿ ತಿಳಿಯಿತು.

ಆಗಲೇ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಜಾಕೆಟ್ ಇದ್ದದ್ದು ನನಗೆ ಮತ್ತು ನನ್ನ ಅಳಿಯನಿಗೆ. ದಿನವೂ ನೀರಿಗಿಳಿಯುವ ಅಪ್ಪ ಮಗನಿಗೆ ಏನೂ ಇರಲಿಲ್ಲ. ಕೇಳಿದರೆ ಅಪ್ಪ, ‘ನಾವು ನೀರಾಗ ಹುಟ್ಟಿದಾವ್ರು ಬಿಡ್ರಿ’ ಎಂದು ನಕ್ಕ. ಈಜು ಬಲ್ಲವರೂ ಮುಳುಗುತ್ತಾರೆ. ಬಲೆ ಕಾಲಿಗೆ ಸುತ್ತಿಕೊಳ್ಳಬಹುದು, ಚಳಿಗೆ ಕೈ ಮರಗಟ್ಟಬಹುದು, ಮೇಲಿನಿಂದ ನೀರು ಬಿಟ್ಟರೆ ಸೆಳವು ಹೆಚ್ಚಬಹುದು. ನಮ್ಮ ದೇಹದ ಭಾರವನ್ನು ಹೆಚ್ಚೂ ಕಡಿಮೆ ನೀರೇ ಹೊರುತ್ತದೆ, ತಲೆ ಮೇಲಿರಲು ಕೆಲವೇ ಕಿಲೋ ಎತ್ತುವ ಶಕ್ತಿ ಸಾಕು. ಜಾಕೆಟ್ ಮಾಡುವ ಕೆಲಸ ಅಷ್ಟೇ. ಹವ್ಯಾಸಕ್ಕೆ ಹೋಗುವವನಿಗೆ ಅದು ಕಡ್ಡಾಯ, ಹೊಟ್ಟೆಪಾಡಿಗೆ ಹೋಗುವವನಿಗೆ ಅದು ಶೋಕಿ. ಇದೆಂಥ ನ್ಯಾಯ?

ದಡಕ್ಕೆ ಬಂದು ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾನು ಹುಡುಗನಿಗೆ, ‘ಇಷ್ಟೆಲ್ಲಾ ಗೊತ್ತೈತಲ್ಲ, ಸಾಲ್ಯಾಗ ಹೇಳತಿಯೇನು?’ ಎಂದು ಕೇಳಿದೆ. ಅವನು ಅಪ್ಪನ ಮುಖ ನೋಡಿದ. ಅಪ್ಪ ಹೇಳಿದ: ‘ಇಲ್ರಿ ಸರ. ಅರ್ಜಿಯೊಳಗ ತಂದೆಯ ಉದ್ಯೋಗ ಅಂತ ಇರತೈತಲ್ರಿ, ಅಲ್ಲಿ ಕೂಲಿ ಅಂತ ಬರಸೀನಿ. ಮೀನ ಹಿಡಿಯಾವ ಅಂದ್ರ ಹುಡುಗ್ರು ನಗತಾರ್ರಿ, ವಾಸನಿ ಬರತೈತಿ ಅಂತಾರ.’ ಸ್ವಲ್ಪ ತಡೆದು, ಯಾವ ಸಿಟ್ಟೂ ಇಲ್ಲದೆ ಅಂದ: ‘ನನಗೂ ನೀವ ಒಮ್ಮಿ ಅಂದಿದ್ರಿ. ಲೆಕ್ಕ ತಪ್ಪಿದಾಗ, ಹೋಗು ಮೀನ ಹಿಡಿಯಾಕ ಹೋಗು, ಅದ ಚಲೋ ನಿನಗ ಅಂತ. ಹೋದ್ನಿ ನೋಡ್ರಿ.’ ಮತ್ತೆ ನಕ್ಕ.

ಅಂದೆನೋ ಇಲ್ಲವೋ ನನಗೆ ನೆನಪಿಲ್ಲ. ಅಂದಿರಬೇಕು. ದನ ಕಾಯಲು ಹೋಗು, ಕಲ್ಲು ಒಡೆಯಲು ಹೋಗು ಎಂದು ಬೈಯದ ಮಾಸ್ತರರು ನಮ್ಮ ಕಾಲಕ್ಕೆ ಎಷ್ಟು ಜನ? ಬೈದವನು ಮರೆಯುತ್ತಾನೆ, ಬೈಸಿಕೊಂಡವನು ಇಪ್ಪತ್ತೈದು ವರ್ಷ ಹೊತ್ತು ತಿರುಗುತ್ತಾನೆ. ‘ತಪ್ಪಾತಪಾ’ ಎಂದೆ. ‘ಅಯ್ಯ, ಅದೇನ್ರಿ ಸರ’ ಎಂದು ಅವನು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ.

ಕಯಾಕಿಗೂ ಕಾಯಕಕ್ಕೂ ಭಾಷೆಯ ಸಂಬಂಧವೇನೂ ಇಲ್ಲ. ಆದರೆ ನನ್ನ ಮಂದ ಕಿವಿ ಆ ದಿನ ಕೇಳಿದ್ದು ತೀರ ತಪ್ಪೂ ಅಲ್ಲ ಎನಿಸಿತು. ನಾವು ಕುಳಿತ ಜಾಗ ಬಸವಣ್ಣನವರ ಸಂಗಮದ ಮಗ್ಗುಲಲ್ಲೇ ಇತ್ತು. ಅವರ ಕಾಲದ ಶರಣರಲ್ಲಿ ಒಬ್ಬರಾದ ಚೌಡಯ್ಯನವರು ದೋಣಿ ನಡೆಸುವ ಅಂಬಿಗರು, ಆ ಕಸುಬನ್ನು ಮುಚ್ಚಿಡದೆ ಹೆಸರಿನ ಮುಂದೆಯೇ ಇಟ್ಟುಕೊಂಡವರು. ಎಂಟು ನೂರು ವರ್ಷಗಳ ಮೇಲೆ ಈ ನೀರಿನ ದಂಡೆಯಲ್ಲಿ ಒಬ್ಬ ಅಪ್ಪ ಮಗನ ಅರ್ಜಿಯಲ್ಲಿ ಕಸುಬು ಮುಚ್ಚಿಡುತ್ತಾನೆ.

ಪಾಲಕರೇ, ಮಗ ನಿಮ್ಮ ಕಸುಬನ್ನೇ ಮಾಡಲಿ ಎಂದು ನಾನು ಹೇಳುವುದಿಲ್ಲ. ಅವನಿಗೆ ಬೇರೆ ದಾರಿ ಬೇಕಾದೀತು. ಆದರೆ ನಿಮ್ಮ ಕಸುಬನ್ನು ಅವನ ಅರ್ಜಿಯಿಂದ ಅಳಿಸಿದರೆ ಅವನು ಕಲಿತದ್ದರ ಅರ್ಧವನ್ನೂ ಅಳಿಸಿದಂತೆ. ವಿದ್ಯಾರ್ಥಿಗಳೇ, ನಿಮಗೊಂದು ಮಾತು. ದೇಶದ ಮೊಟ್ಟಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ನಮ್ಮ ಮಂಗಳೂರಿನಲ್ಲೇ ಶುರುವಾಯಿತು. ಪಿಯುಸಿಯಲ್ಲಿ ವಿಜ್ಞಾನ ಓದಿ, ಸಿಇಟಿ ಬರೆದು ಅಲ್ಲಿಗೆ ಹೋಗಬಹುದು. ನಾಲ್ಕು ವರ್ಷದ ಪದವಿ. ಕಟ್ಲಾದ ಬಾಯಿ ಮೇಲೇಕೆ ಎಂಬುದು ಅಲ್ಲಿ ಪಾಠ. ಆ ಹುಡುಗನಿಗೆ ಅದು ಈಗಾಗಲೇ ಗೊತ್ತು.

ಹೊರಡುವಾಗ ನನ್ನ ಅಳಿಯ ಎರಡೂ ಜಾಕೆಟ್ಟುಗಳನ್ನು ಅಲ್ಲೇ ಬಿಟ್ಟ. ಅಪ್ಪ ಬೇಡವೆಂದ, ಮಗ ಆಗಲೇ ತೊಟ್ಟು ಗುಂಡಿ ಹಾಕಿದ್ದ. ನಾನು ಸಂಕೋಚದಿಂದಲೇ ಇನ್ನೊಂದು ಮಾತು ಕೇಳಿದೆ: ‘ಜೂನಿನ್ಯಾಗ ಹತ್ತನೇತ್ತದ ಅರ್ಜಿ ತುಂಬಬೇಕಲ್ಲ, ಏನ ಬರಸ್ತಿ?’ ಅಪ್ಪ ಉತ್ತರ ಕೊಡದೆ ಬಲೆ ಕೊಡವತೊಡಗಿದ. ಮಗ ಹರಿಗೋಲನ್ನು ತಲೆಯ ಮೇಲೆ ಎತ್ತಿಕೊಂಡು, ಅದರ ಒಳಗಿನಿಂದಲೇ ಕೂಗಿದ: ‘ನಾನ ತುಂಬತೀನ್ರಿ ಸರ!’