ಬಸಿಗಾಲುವೆ ಇಲ್ಲದ ಭೂಮಿ



ಭೂಮಿ ಕೊಡಿ ಅಂತ ನಾವು ಕೇಳ್ತಾ ಬಂದು ಎಷ್ಟೋ ವರ್ಷಗಳಾದವು. ಎಂಥ ಭೂಮಿ ಅಂತ ಕೇಳಿದ್ದು ಕಡಿಮೆ. ಎಕರೆ, ಗುಂಟೆ, ಸರ್ವೆ ನಂಬರು, ಸಾಗುವಳಿ ಚೀಟಿ, ಈ ಮಾತುಗಳೆಲ್ಲ ನಮ್ಮ ಬಾಯಲ್ಲಿ ಸಲೀಸಾಗಿ ಬರ್ತವೆ. ಆದರೆ ಆ ಎಕರೆಯ ಒಂದು ಮೊಳ ಕೆಳಗೆ ಗಾಳಿ ಆಡ್ತಿದೆಯೋ, ನೀರು ಕೊಳೀತಿದೆಯೋ? ಪಹಣಿಯಲ್ಲಿ ಮಣ್ಣಿನ ನಮೂನೆ ಅಂತ ಒಂದು ಕಲಂ ಇದೆ. ಕೆಂಪು ಅಂತಲೋ ಕಪ್ಪು ಅಂತಲೋ ಬರೆದರೆ ಅಲ್ಲಿಗೆ ಮುಗೀತು. ಹೊಳೆಯ ತಗ್ಗಿನಲ್ಲಿ ಎರಡು ಎಕರೆ ಇರೋನೂ, ದಿಣ್ಣೆಯ ಮೇಲೆ ಎರಡು ಎಕರೆ ಇರೋನೂ ಕಾಗದದಲ್ಲಿ ಸಮ. ಸುಗ್ಗಿ ಬಂದಾಗ ಮಾತ್ರ ಒಬ್ಬನ ಮನೆಗೆ ಮೂಟೆ, ಇನ್ನೊಬ್ಬನ ಮನೆಗೆ ಸಾಲ. ಆಗ ಊರು ಅನ್ನೋದೇನು? "ಇವರಿಗೆ ಭೂಮಿ ಕೊಟ್ಟರೂ ಅಷ್ಟೇ, ಮೈ ಬಗ್ಗಿಸೋರಲ್ಲ."

ಈ ಮಾತು ಸುಳ್ಳು ಅಂತ ತೋರಿಸೋಕೆ ಬರೀ ಸಿಟ್ಟು ಸಾಲದು, ಮಣ್ಣು ಓದೋದನ್ನ ಕಲೀಬೇಕು. ಕಾಲೇಜಿನಲ್ಲಿ ನಾನು ಓದಿದ್ದು ಸಾಹಿತ್ಯ, ಇತಿಹಾಸ. ಮಣ್ಣಿನ ಪಾಠ ಆಮೇಲೆ ಹುಡುಕಿಕೊಂಡು ಹೋಗಿ ಕಲಿತದ್ದು. ತಿಳಿದಷ್ಟನ್ನ ಇಲ್ಲಿ ಬರೀತೀನಿ.

ನೆರೆ ಬಂದು ಹೊಳೆ ದಡ ಮೀರಿತು ಅಂದ್ರೆ ನೀರಿನ ಓಟ ತಗ್ಗುತ್ತೆ. ಓಟ ತಗ್ಗಿದ ನೀರು ಭಾರದ್ದನ್ನ ಮೊದಲು ಇಳಿಸುತ್ತೆ. ಮರಳು, ದಪ್ಪ ಮಣ್ಣು ದಡದ ಪಕ್ಕದಲ್ಲೇ ಬಿದ್ದು, ವರ್ಷದಿಂದ ವರ್ಷಕ್ಕೆ ಏರಿ ದಿಬ್ಬ ಆಗುತ್ತೆ. ಹಗುರಾದ ಜೇಡಿ ಮಾತ್ರ ತೇಲಿಕೊಂಡು ದೂರ ಹೋಗಿ, ದಿಬ್ಬದ ಆಚೆಯ ತಗ್ಗಿನಲ್ಲಿ ನಿಧಾನಕ್ಕೆ ಕೂರುತ್ತೆ. ಅದಕ್ಕೇ ಎಷ್ಟೋ ಕಡೆ ಹೊಳೆಗೆ ಅಂಟಿದ ಹೊಲ ಎತ್ತರ, ನೀರು ಬಸಿಯುವಂಥದ್ದು. ಅದರ ಹಿಂದಿನದು ತಗ್ಗು, ಅಂಟು, ನೀರು ಹಿಡಿಯುವಂಥದ್ದು. ತಗ್ಗಿನ ನೀರು ಹೊಳೆಗೆ ವಾಪಸು ಹೋಗೋಕೆ ದಿಬ್ಬ ಅಡ್ಡ. ಕೆಳಗೆ ಇಂಗೋಕೆ ಜೇಡಿ ಬಿಡಲ್ಲ. ಜೇಡಿಯ ಒಂದು ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಅಂಥ ಕಣಗಳ ನಡುವಿನ ಸಂದಿನಲ್ಲಿ ನೀರು ಜಾರೋದಾದರೂ ಹೇಗೆ?

ನಿಂತ ನೀರು ಮಣ್ಣಿನೊಳಗಿನ ಗಾಳಿಯನ್ನ ಹೊರಗೆ ಹಾಕುತ್ತೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನ. ಉಳಿದ ಅಷ್ಟಿಷ್ಟು ಆಮ್ಲಜನಕವನ್ನ ಮಣ್ಣಿನ ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲೇ ಮುಗಿಸ್ತವೆ. ಆಮೇಲೆ ಅವು, ಹಸಿದವನು ಮನೆಯ ಪಾತ್ರೆಗಳನ್ನ ಒಂದೊಂದಾಗಿ ಅಡವಿಟ್ಟ ಹಾಗೆ, ಮಣ್ಣಿನ ಆಸ್ತಿಯನ್ನ ಒಂದೊಂದಾಗಿ ಕರಗಿಸ್ತವೆ. ಮೊದಲು ನೈಟ್ರೇಟು, ಆಮೇಲೆ ಮ್ಯಾಂಗನೀಸು, ಆಮೇಲೆ ಕಬ್ಬಿಣ, ಆಮೇಲೆ ಗಂಧಕ. ಗಂಧಕದ ಸರದಿ ಬಂದಾಗ ಕೊಳೆತ ಮೊಟ್ಟೆಯ ವಾಸನೆ. ಕೊನೆಗೆ ಕೆಸರಿನಿಂದ ಗುಳ್ಳೆ ಗುಳ್ಳೆಯಾಗಿ ಮೀಥೇನ್ ಏಳುತ್ತೆ.

ಕಬ್ಬಿಣದ ಕತೆಯನ್ನ ಕಣ್ಣಲ್ಲೇ ಓದಬಹುದು. ಗಾಳಿ ಸಿಕ್ಕ ಕಬ್ಬಿಣ ಕೆಂಪು, ಹಳದಿ. ಗಾಳಿ ತಪ್ಪಿದ ಕಬ್ಬಿಣ ಬೂದಿ, ನೀಲಿ, ಹಸಿರು ಛಾಯೆ. ಬೇಸಿಗೆಯಲ್ಲಿ ಮೇಲೆಲ್ಲ ಒಣಗಿ ಬಿರುಕು ಬಿಟ್ಟಾಗಲೂ ಎರಡು ಮೊಳ ಗುಂಡಿ ತೋಡಿ ನೋಡಿ. ಬೂದಿ ಬಣ್ಣದ ಮಣ್ಣಿನಲ್ಲಿ, ಬೇರು ಹೋದ ದಾರಿಯುದ್ದಕ್ಕೂ ತುಕ್ಕಿನ ಗೆರೆ, ತುಕ್ಕಿನ ಮಚ್ಚೆ ಕಂಡರೆ ವರ್ಷವರ್ಷವೂ ಅಲ್ಲೀತನಕ ನೀರು ಏರಿ ನಿಂತು ಇಳೀತಿದೆ ಅಂತ ಅರ್ಥ. ಗಿಡದ ಬೇರಿನ ಸಂದಿನಲ್ಲಿ ನುಸುಳಿದ ಚೂರು ಗಾಳಿ ಬರೆದಿಟ್ಟ ಸಾಕ್ಷಿ ಅದು. ಈ ಸಾಕ್ಷಿಯನ್ನ ಯಾವ ಶಾನುಭೋಗನೂ ತಿದ್ದೋಕಾಗಲ್ಲ.

ಈಗ ಬೆಳೆಗೆ ಬರೋಣ. ಭತ್ತದ ದಂಟು, ಬೇರಿನೊಳಗೆ ಗಾಳಿ ಇಳಿಯುವ ಕೊಳವೆಗಳಿವೆ, ಅದು ಕೆಸರಲ್ಲಿ ಬದುಕುತ್ತೆ. ತೊಗರಿಗೆ, ಮೆಣಸಿನಕಾಯಿಗೆ ಅಂಥ ಏರ್ಪಾಡಿಲ್ಲ. ನೀರಲ್ಲೇ ನಿಂತು ಬಾಯಾರಿದ ಹಾಗೆ ಬಾಡ್ತವೆ. ಎಲೆ ಹಳದಿ ಆಯ್ತು ಅಂತ ಸಾಲ ಮಾಡಿ ಇನ್ನೊಂದು ಮೂಟೆ ಯೂರಿಯಾ ಹಾಕಿದರೆ ಏನಾಗುತ್ತೆ? ನೈಟ್ರೇಟ್ ಆದ ಸಾರಜನಕ ನಿಂತ ನೀರಿನ ಮಣ್ಣಿನಲ್ಲಿ ಅನಿಲವಾಗಿ ಆಕಾಶಕ್ಕೆ ಹೋಗುತ್ತೆ. ಸಾಲ ಮಾತ್ರ ನೆಲದ ಮೇಲೇ ಉಳಿಯುತ್ತೆ.

ನೀರು ಬಸಿಯದ ಕಡೆ ಇನ್ನೊಂದು ಶನಿ ಕಾದಿರುತ್ತೆ: ಚೌಳು. ಉತ್ತರದ ಜಿಲ್ಲೆಗಳ ಕಡೆ ಸವಳು ಅಂತಾರೆ. ಅಂತರ್ಜಲ ಮೇಲ್ಮೈಗೆ ಒಂದೆರಡು ಮೀಟರಿನಷ್ಟು ಹತ್ತಿರ ಬಂದರೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ನೀರನ್ನ ಮೇಲಕ್ಕೆ ಎಳೆಯುತ್ತೆ. ಬಿಸಿಲು ನೀರನ್ನ ಕುಡಿದು ಉಪ್ಪನ್ನ ಬಿಟ್ಟು ಹೋಗುತ್ತೆ. ಇದು ಹೊಳೆಯ ತಗ್ಗಿಗೆ ಮಾತ್ರ ಬಂದ ಕಾಯಿಲೆಯಲ್ಲ, ಕಾಲುವೆಯ ಕೆಳಗೂ ಇದೆ. ತುಂಗಭದ್ರಾ ಜಲಾಶಯದ ನೀರು 1953ರಿಂದ ಹರೀತಿದೆ. ಎಡದಂಡೆಯ ಬಹುಪಾಲು ಹೊಲಗಳಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತ ಯೋಜನೆಯಲ್ಲಿ ಬರೆದಿತ್ತು. ಕಾಲುವೆಯ ತಲೆಭಾಗದಲ್ಲಿ ಉಕ್ಕಿದ್ದು ಭತ್ತ. ಒಂದೇ ಕಾಲುವೆಯ ಬಾಲದಲ್ಲಿ ನೀರಿಲ್ಲದ ಹೊಲ, ತಗ್ಗಿನಲ್ಲಿ ನೀರು ಹೆಚ್ಚಾಗಿ ಸವಳು-ಜವಳಾದ ಹೊಲ! ಗಂಗಾವತಿಯ ಸಂಶೋಧನಾ ಕೇಂದ್ರದವರು ಇಂಥ ಮಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನೆಲದಡಿ ತೂತಿನ ಕೊಳವೆ ಹೂತು ನೀರು ಬಸಿಯುವ ದಾರಿಯೂ ಗೊತ್ತಿದೆ. ಮದ್ದು ಇಲ್ಲ ಅಂತ ಯಾರೂ ನಮಗೆ ಹೇಳಬೇಕಿಲ್ಲ.

ಜಿಪ್ಸಂ ಹಾಕಿ ಅಂತಾರೆ. ಸರಿ, ಸೋಡಿಯಂ ಕಚ್ಚಿಕೊಂಡ ಮಣ್ಣಿಗೆ ಅದು ಮದ್ದೇ. ಜಿಪ್ಸಂನ ಸುಣ್ಣದಂಶ ಸೋಡಿಯಮ್ಮನ್ನ ಕಿತ್ತು ಬಿಡಿಸುತ್ತೆ. ಆದರೆ ಬಿಡಿಸಿದ್ದು ಹೋಗೋದು ಎಲ್ಲಿಗೆ? ಹೊರಗೆ ಹೋಗೋಕೆ ಬಸಿಗಾಲುವೆ ಇಲ್ಲದಿದ್ದರೆ ಅದು ಅಲ್ಲೇ ಕೂರುತ್ತೆ. ಕಸ ಗುಡಿಸಿ ಬಾಗಿಲ ಹಿಂದೆ ಇಟ್ಟ ಹಾಗಾಯ್ತು.

ಇನ್ನು ಬಸಿಗಾಲುವೆಯನ್ನ ಎರಡು ಎಕರೆಯವನು ಒಬ್ಬನೇ ತೋಡಿಕೊಳ್ಳೋಕೆ ಆಗುತ್ತಾ? ಅವನ ಹೊಲದ ನೀರು ಇನ್ನೊಬ್ಬನ ಹೊಲಕ್ಕೆ, ಅಲ್ಲಿಂದ ಮತ್ತೊಬ್ಬನ ಹೊಲಕ್ಕೆ ಹೋಗಬೇಕು. ಕೊನೆಗೆ ಹಳ್ಳ ಸೇರಬೇಕು. ನಡುವೆ ಯಾರೋ ದೊಡ್ಡವರು ಹಳ್ಳವನ್ನೇ ಒತ್ತಿಕೊಂಡು ಕಬ್ಬು ಹಾಕಿದ್ದರೆ ಕತೆ ಮುಗೀತು. ನೀರಿನ ದಾರಿ ಊರೊಟ್ಟಿನ ವಿಚಾರ. ಆದ್ದರಿಂದ ಅದು ಸರ್ಕಾರದ ಹೊಣೆ. ಕಾಲುವೆ ತೋಡುವಾಗ ಸರ್ಕಾರದ ಹೊಣೆ ಅಂದವರು ಬಸಿಗಾಲುವೆಗೆ ರೈತನ ಹೊಣೆ ಅಂದರೆ ಯಾವ ನ್ಯಾಯ?

ಬಾಬಾಸಾಹೇಬರು ವೈಸರಾಯರ ಮಂಡಳಿಯಲ್ಲಿ 1942ರಿಂದ 1946ರವರೆಗೆ ಕಾರ್ಮಿಕ ಖಾತೆ ನೋಡ್ತಿದ್ದಾಗ ನೀರಾವರಿಯೂ ಅವರ ಕೈಯಲ್ಲಿತ್ತು. 1945ರ ನವೆಂಬರಿನಲ್ಲಿ ಕಟಕ್‌ನಲ್ಲಿ ಒರಿಸ್ಸಾದ ನದಿಗಳ ಬಗ್ಗೆ ನಡೆದ ಸಭೆಯಲ್ಲಿ, ನೆರೆಯ ನೀರನ್ನ ಬರೀ ಪೀಡೆ ಅಂತ ನೋಡೋದು ತಪ್ಪು, ಅದು ಜನರ ಸಂಪತ್ತು ಅಂತ ಅವರು ವಾದಿಸಿದರು. ಇಡೀ ನದಿಯನ್ನ ಒಂದಾಗಿ ನೋಡಿ ಯೋಜನೆ ಮಾಡಬೇಕು ಅನ್ನೋದು ಅವರ ನಿಲುವು. ಇಡೀ ನದಿ ಅಂದರೆ ಅದರ ತಗ್ಗೂ ಸೇರುತ್ತಲ್ಲವೆ? ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚಿದ ನೀರಗಂಟಿ ನಮ್ಮ ಕೇರಿಯವನೇ. ನೀರಿನ ದಾರಿ ಬಲ್ಲವರನ್ನ ಕೇಳದೆ ಯೋಜನೆ ಬರೆಯೋದು ಈಗಲಾದರೂ ನಿಲ್ಲಲಿ.

ಒಂದು ಎಚ್ಚರಿಕೆಯೂ ಬೇಕು. ಜೌಗನ್ನೆಲ್ಲ ಬಸಿದು ಹಾಕಿ ಅಂತ ನಾನು ಹೇಳ್ತಿಲ್ಲ. ಉಳುಮೆಯೇ ಇಲ್ಲದ ಜೌಗು ನೆರೆಯ ನೀರನ್ನ ಹಿಡಿದಿಟ್ಟು ಕೆಳಗಿನ ಊರನ್ನ ಕಾಯುತ್ತೆ. ಅಲ್ಲಿ ಚಾಪೆಯ ಜೊಂಡು, ಮೀನು, ಏಡಿ, ಬೇಸಿಗೆಯ ಹಸಿರು ಮೇವು. ಹೊಲ ಇಲ್ಲದವರ ಹೊಲ ಅದು. ದಾಖಲೆಯಲ್ಲಿ ಖರಾಬು ಅಂತ ಬರೆದು, ಮಣ್ಣು ತುಂಬಿಸಿ, ಸೈಟು ಮಾಡಿ ಮಾರೋರು ಇದ್ದಾರಲ್ಲ, ಅವರನ್ನ ತಡೀಬೇಕು.

ಹಾಗಾದರೆ ನಾವು ಕೇಳಬೇಕಾದ್ದೇನು? ಭೂಮಿ ಮಂಜೂರು ಮಾಡೋ ಮೊದಲು ಅಲ್ಲಿ ಗುಂಡಿ ತೋಡಿ, ನಮ್ಮೆದುರಿಗೇ ಮಣ್ಣು ನೋಡಬೇಕು. ತಗ್ಗು ಕೊಟ್ಟರೆ ಬಸಿಗಾಲುವೆಯನ್ನೂ ಕೂಡಿಸಿ ಕೊಡಬೇಕು. ಒತ್ತಿದ ಹಳ್ಳ ಬಿಡಿಸಬೇಕು. 1978ರ ಪಿಟಿಸಿಎಲ್ ಕಾಯ್ದೆ ಮಂಜೂರಾದ ಭೂಮಿ ಕೈ ತಪ್ಪದ ಹಾಗೆ ಕಾಯೋಕೆ ಬಂತು. ಉಪ್ಪು ಏರಿ ಬೆಳೆ ಸತ್ತು ಸಾಲಕ್ಕೆ ಕೈ ತಪ್ಪೋ ಭೂಮಿಯನ್ನ ಕಾಗದ ಒಂದೇ ಕಾಯಲಾರದು. ಕೃಷ್ಣೆ, ಮಲಪ್ರಭೆಯ ಬಯಲಲ್ಲಿ 2009ರಲ್ಲಿ, ಮತ್ತೆ 2019ರಲ್ಲಿ ನೆರೆ ಬಂದದ್ದು ಎಲ್ಲರಿಗೂ ಗೊತ್ತು. ನೆರೆ ಇಳಿದ ಮೇಲೂ ಮಣ್ಣಿನ ಕಾಯಿಲೆ ಇಳಿದಿರೋಲ್ಲ. ಪರಿಹಾರದ ಲೆಕ್ಕಕ್ಕೆ ಮುಂದಿನ ವರ್ಷದ ಬೆಳೆಯೂ ಸೇರಬೇಕು.

ಮುಂದಿನ ಸಭೆಗೆ ಬರೋ ಮೊದಲು ನಿಮ್ಮೂರಿನ ತಗ್ಗು ಹೊಲಗಳಲ್ಲಿ ಗುಂಡಿ ತೋಡಿ. ಎಷ್ಟು ಆಳಕ್ಕೆ ಬೂದಿ ಬಣ್ಣ ಬಂತು, ಎಷ್ಟಕ್ಕೆ ನೀರು ಬಂತು, ಯಾವ ತಿಂಗಳು, ಯಾವ ಸರ್ವೆ ನಂಬರು, ಒಂದು ಹಾಳೆಯಲ್ಲಿ ಬರೆದು ತನ್ನಿ. ಅರ್ಜಿಯನ್ನ ಆ ಹಾಳೆಗಳಿಂದಲೇ ಶುರು ಮಾಡೋಣ.